ಇನ್ನೂರು ಗ್ರಾಂ ರೈಜೋಬಿಯಂ ಪೊಟ್ಟಣ: ತಗೊಳ್ಳಿ, ಆದರೆ ಬೆಳೆ ಹೆಸರು ಓದಿ ತಗೊಳ್ಳಿ

ಮೊದಲೇ ಹೇಳಿಬಿಡುತ್ತೇನೆ. ರೈಜೋಬಿಯಂ ಅಂದರೆ ದ್ವಿದಳ ಬೆಳೆಗಳ ಬೇರಿನಲ್ಲಿ ಗಂಟು ಕಟ್ಟಿಕೊಂಡು, ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ. ಬಿತ್ತುವ ಮುಂಚೆ ಬೀಜಕ್ಕೆ ಹಚ್ಚುವುದು. ಅಲಸಂದೆ, ಅವರೆ, ಹೆಸರು, ಉದ್ದು ಹಾಕುವವರು ಈ ಪೊಟ್ಟಣವನ್ನು ಧೈರ್ಯವಾಗಿ ತಗೊಳ್ಳಬಹುದು. ದುಡ್ಡು ಜಾಸ್ತಿ ಇಲ್ಲ. ಒಂದು ಎಕರೆಯ ಬೀಜಕ್ಕೆ ಒಂದು ಪೊಟ್ಟಣ ಸಾಕು. ಆದರೆ ಎಲ್ಲಿಂದ ತಂದಿರಿ, ಮೇಲೆ ಯಾವ ಬೆಳೆ ಹೆಸರಿದೆ, ತಾರೀಖು ಏನು ಅನ್ನುವುದು ನೋಡಿರಬೇಕು. ಇದರಲ್ಲಿ ಒಂದು ಕೈಕೊಟ್ಟರೂ ನೀವು ತಂದಿರುವುದು ಬರೀ ಕಪ್ಪು ಪುಡಿ.

ಇವಳಿಗೇನು ಗೊತ್ತು ಅಂತ ಕೇಳುವವರಿಗೆ: ನಾನು ಕೃಷಿ ಕಾಲೇಜೊಂದರ ಸೂಕ್ಷ್ಮಜೀವಿ ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿದ್ದು ನಿವೃತ್ತಿಯಾದವಳು. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಕಾಯಿಸುವುದು, ಪ್ಲೇಟ್ ಸುರಿಯುವುದು, ಆಟೋಕ್ಲೇವ್ ಮುಂದೆ ನಿಂತು ಬೆವರುವುದು ನನ್ನ ಕೆಲಸ. ಈಗ ಮಂಡ್ಯದ ಹತ್ತಿರ ನಮ್ಮೆಜಮಾನರ ಪಾಲಿಗೆ ಬಂದ ಸ್ವಲ್ಪ ಜಮೀನಿದೆ. ಮೈದುನ ಉಳುತ್ತಾನೆ, ನಾನು ಅವನ ತಲೆ ತಿನ್ನುತ್ತೇನೆ. ನಾಲೆ ಕೆಳಗಿನ ಗದ್ದೆಯಲ್ಲಿ ಭತ್ತಕ್ಕೆ ಮುಂಚೆ ಅಲಸಂದೆ. ಮೇಲಿನ ಖುಷ್ಕಿಯಲ್ಲಿ ರಾಗಿ, ಅದರ ನಡುವೆ ಅಕ್ಕಡಿ ಸಾಲಿಗೆ ಅವರೆ.

ಈ ಸಲ ಎರಡು ಕಡೆಯಿಂದ ಪೊಟ್ಟಣ ತಂದೆವು. ಒಂದು ಸರ್ಕಾರಿ ಕೃಷಿ ಸಂಸ್ಥೆಯ ಮಾರಾಟ ಮಳಿಗೆಯದು, ಇನ್ನೊಂದು ಪೇಟೆಯ ಗೊಬ್ಬರದಂಗಡಿಯದು. ನೋಡೋಕೆ ಎರಡೂ ಒಂದೇ ತರ. ಪ್ಲಾಸ್ಟಿಕ್ ಕವರ್, ಒಳಗೆ ಲಿಗ್ನೈಟ್ ಅನ್ನುವ ಕಂದು ಕಲ್ಲಿದ್ದಲಿನ ಪುಡಿ, ಕೈಗೆ ಸ್ವಲ್ಪ ತೇವ ತಗಲಬೇಕು. ಆ ತೇವವೇ ಜೀವ. ಲಿಗ್ನೈಟ್ ಗೊಬ್ಬರ ಅಲ್ಲ, ಬ್ಯಾಕ್ಟೀರಿಯಾ ಕೂತಿರುವ ಜಾಗ ಅಷ್ಟೇ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಂತ ರೈಜೋಬಿಯಂ ಇರಬೇಕು. ತೇವಾಂಶ ಶೇಕಡಾ 30ರಿಂದ 40. ಅಂಗಡಿಯ ಪೊಟ್ಟಣ ಒಡೆದಾಗ ಪುಡಿ ಗಾಳಿಗೆ ಹಾರಿತು. ಅಲ್ಲೇ ನನಗೆ ಅನುಮಾನ ಬಂತು.

ಅದಕ್ಕೂ ಮುಂಚೆ ಅಂಗಡಿಯಲ್ಲೇ ಒಂದು ಜಗಳ ಆಗಿತ್ತು. ಹಿತ್ತಲಿನಲ್ಲಿ ಬೀನ್ಸ್ ಹಾಕೋಣ ಅಂತ ಹುರುಳಿಕಾಯಿಗೆ ಬೇರೆ ಪೊಟ್ಟಣ ಕೇಳಿದೆ. ಆತ ಹಿಂದಿನಿಂದ ಒಂದು ತೆಗೆದುಕೊಟ್ಟ. ನೋಡಿದರೆ ಸೋಯಾ ಅವರೆಯದು.

'ಇದು ಸೋಯಾಗಲ್ವೇನಪ್ಪಾ?'

'ಅಯ್ಯೋ, ಎಲ್ಲಾ ಒಂದೇ ಕಣಕ್ಕಾ. ಕಾಯಿ ಬಿಡೋದಕ್ಕೆಲ್ಲಾ ಇದೇ ಹಾಕೋದು.'

ಒಂದೇ ಅಲ್ಲ. ಆ 'ಬೆಳೆ' ಅನ್ನುವ ಒಂದು ಸಾಲನ್ನು ಪೊಟ್ಟಣದ ಮೇಲೆ ಬರೆಯುವುದಕ್ಕೆ ಕೆಲವರ ಇಡೀ ಜೀವಮಾನ ಹೋಗಿದೆ. ಅವರಲ್ಲಿ ಒಬ್ಬರು ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿ ಫ್ರೆಡ್. ಅವರ ವಿಷಯ ಇಲ್ಲಿ ಹೇಳಲೇಬೇಕು. ಅಂಗಡಿಯವನಿಗೂ ಹೇಳುತ್ತಿದ್ದೆ. ಆತ ಆಗಲೇ ಮುಂದಿನ ಗಿರಾಕಿಗೆ ಯೂರಿಯಾ ಚೀಲ ಎತ್ತಿಕೊಡುತ್ತಿದ್ದ.

ನಮ್ಮ ವಿಭಾಗದ ಮೇಷ್ಟ್ರ ಬೀರುವಿನಲ್ಲಿ 1932ರ ದಪ್ಪ ಪುಸ್ತಕ ಒಂದಿತ್ತು. ಬೇರುಗಂಟಿನ ಬ್ಯಾಕ್ಟೀರಿಯಾ ಬಗ್ಗೆ ಅಲ್ಲಿವರೆಗೆ ಜಗತ್ತಿಗೆ ಗೊತ್ತಿದ್ದದ್ದನ್ನೆಲ್ಲಾ ಸೇರಿಸಿದ ಪುಸ್ತಕ. ಬರೆದವರು ಮೂವರು: ಎಡ್ವಿನ್ ಬ್ರೌನ್ ಫ್ರೆಡ್, ಐರಾ ಬಾಲ್ಡ್ವಿನ್, ಎಲಿಜಬೆತ್ ಮೆಕಾಯ್. ಮೂವರೂ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು. ಮೆಕಾಯ್ ಹೆಣ್ಣುಮಗಳು ಅಂತ ಗೊತ್ತಾದ ದಿನ ನನಗೆ ಆ ಪುಸ್ತಕದ ಮೇಲೆ ಪ್ರೀತಿ ಜಾಸ್ತಿಯಾಯಿತು. ಆಕೆ ಫ್ರೆಡ್ ಅವರ ಶಿಷ್ಯೆ. 1943ರಲ್ಲಿ ಅಲ್ಲಿ ಪೂರ್ಣ ಪ್ರಾಧ್ಯಾಪಕಿಯಾದರು. ಆ ಕಾಲಕ್ಕೆ ಗೃಹವಿಜ್ಞಾನ, ನರ್ಸಿಂಗ್ ಬಿಟ್ಟು ಬೇರೆ ವಿಭಾಗದಲ್ಲಿ ಹೆಂಗಸೊಬ್ಬರು ಆ ಹುದ್ದೆಗೆ ಬರುವುದು ಅಲ್ಲೂ ಅಪರೂಪವೇ.

ಫ್ರೆಡ್ ಹುಟ್ಟಿದ್ದು 1887ರಲ್ಲಿ, ವರ್ಜೀನಿಯಾ ರಾಜ್ಯದ ಮಿಡಲ್‌ಬರ್ಗ್‌ನಲ್ಲಿ. ಅದೇ ರಾಜ್ಯದ ಕೃಷಿ ಮತ್ತು ತಾಂತ್ರಿಕ ಕಾಲೇಜಿನಲ್ಲಿ ಓದಿ, ಜರ್ಮನಿಯ ಗಾಟಿಂಗೆನ್‌ಗೆ ಹೋಗಿ 1911ರಲ್ಲಿ ಪಿಎಚ್‌ಡಿ ಮಾಡಿದರು. ಈ ಗಾಟಿಂಗೆನ್ ಹೆಸರು ಮಂಡ್ಯದವರಿಗೂ ಪೂರ್ತಿ ದೂರದ್ದಲ್ಲ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಓದಿದ್ದೂ ಅಲ್ಲೇ. ಕೆನಡಾದವರು. ಅಲ್ಲಿ ಅವರು ಮಾಡಿದ್ದೂ ಮಣ್ಣಿನ ಸಾರಜನಕದ ಬ್ಯಾಕ್ಟೀರಿಯಾ ಕೆಲಸವೇ. 1908ರಲ್ಲಿ ಇಲ್ಲಿಗೆ ಬಂದು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹಿಡಿಸಿ, ಕೊನೆಗೆ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬರುವುದಕ್ಕೂ ಓಡಾಡಿದರು. ಒಂದೇ ಊರಿನಲ್ಲಿ ಓದಿದ ಇಬ್ಬರಲ್ಲಿ ಒಬ್ಬರು ನಮ್ಮ ಕಬ್ಬಿಗೆ ಬಂದರು, ಇನ್ನೊಬ್ಬರು ವಿಸ್ಕಾನ್ಸಿನ್‌ನ ಬಟಾಣಿಗೆ ಹೋದರು.

1913ರಲ್ಲಿ ಫ್ರೆಡ್ ವಿಸ್ಕಾನ್ಸಿನ್ ಸೇರಿದರು. ಬೇರುಗಂಟು ಸಾರಜನಕ ಹಿಡಿಯುತ್ತದೆ ಅನ್ನುವುದು ಅಷ್ಟರಲ್ಲಿ ಹೊಸ ಸುದ್ದಿ ಆಗಿರಲಿಲ್ಲ. ಜರ್ಮನಿಯ ಹೆಲ್‌ರೀಗಲ್, ವಿಲ್‌ಫಾರ್ತ್ 1880ರ ದಶಕದಲ್ಲೇ ತೋರಿಸಿದ್ದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರೆ ಮಾಡಿ ಬೆಳೆಸಿದ್ದರು. 1896ರಲ್ಲೇ ನೋಬೆ, ಹಿಲ್ಟ್ನರ್ ಅನ್ನುವವರು ಅದಕ್ಕೆ ಪೇಟೆಂಟ್ ತೆಗೆದು ಮಾರಾಟಕ್ಕೂ ಇಟ್ಟಿದ್ದರು. ಆದರೂ ರೈತರ ಹೊಲದಲ್ಲಿ ಒಂದು ಸಲ ಫಲ ಕೊಟ್ಟಿದ್ದು ಇನ್ನೊಂದು ಸಲ ಕೊಡುತ್ತಿರಲಿಲ್ಲ. ಹಳೇ ಹೊಲದ ಮಣ್ಣನ್ನೇ ಗಾಡಿಗೆ ತುಂಬಿ ಹೊಸ ಹೊಲಕ್ಕೆ ಎರಚುವವರೂ ಇದ್ದರು.

ಯಾವ ಗಿಡಕ್ಕೆ ಯಾವ ಬ್ಯಾಕ್ಟೀರಿಯಾ ಅನ್ನುವುದೇ ಗೊಂದಲ. ಅದನ್ನು ಗುಂಪು ಗುಂಪಾಗಿ ವಿಂಗಡಿಸಿ ಗಟ್ಟಿ ಮಾಡಿದ್ದು ಫ್ರೆಡ್ ಮತ್ತು ಜೊತೆಗಾರರು. ಒಂದು ಗಿಡದ ಗಂಟಿನಿಂದ ತೆಗೆದ ಬ್ಯಾಕ್ಟೀರಿಯಾವನ್ನು ಇನ್ನೊಂದು ಗಿಡಕ್ಕೆ ಹಾಕಿ ಗಂಟು ಕಟ್ಟುತ್ತದಾ ಅಂತ ನೋಡುವುದು. ಕಟ್ಟಿದರೆ ಎರಡೂ ಒಂದೇ ಗುಂಪು. ಬಟಾಣಿಯದು ಒಂದು. ಹುರುಳಿಕಾಯಿಯದು ಇನ್ನೊಂದು. ಕುದುರೆ ಮಸಾಲೆ ಸೊಪ್ಪಿನದು ಬೇರೆ, ಸೋಯಾದು ಬೇರೆ. ನಮ್ಮ ಅಲಸಂದೆ, ಅವರೆ, ಹುರುಳಿ, ಹೆಸರು, ಉದ್ದು, ತೊಗರಿ, ಕಡ್ಲೆಕಾಯಿ ಎಲ್ಲಾ ಅಲಸಂದೆ ಗುಂಪಿಗೆ ಸೇರಿದವು. ಆಮೇಲೆ ಬಂದವರು ಈ ಗುಂಪುಗಳಲ್ಲಿ ಸಾಕಷ್ಟು ಹುಳುಕು ಹುಡುಕಿದ್ದಾರೆ, ಹೆಸರುಗಳನ್ನೂ ಬದಲಾಯಿಸಿದ್ದಾರೆ. ಈಗ ಅಲಸಂದೆಯದು ಬ್ರಾಡಿರೈಜೋಬಿಯಂ. ಆದರೂ ಅಂಗಡಿ ಕಟ್ಟೆಯ ಮೇಲೆ ನಿಂತು ಪೊಟ್ಟಣ ಆರಿಸುವವರಿಗೆ ಇವತ್ತಿಗೂ ಆ ಗುಂಪೇ ದಾರಿ. ಅಂದರೆ, ಅಲಸಂದೆ ಪೊಟ್ಟಣ ಅವರೆಗೆ ನಡೆಯುತ್ತದೆ. ಸೋಯಾ ಪೊಟ್ಟಣ ಬೀನ್ಸಿಗೆ ನಡೆಯಲ್ಲ. 'ಎಲ್ಲಾ ದ್ವಿದಳ ಬೆಳೆಗಳಿಗೆ' ಅಂತ ಬರೆದ ಪೊಟ್ಟಣ ಸಿಕ್ಕರೆ ಅಲ್ಲೇ ಇಟ್ಟು ಬನ್ನಿ.

ಅದೇ ಫ್ರೆಡ್ 1916ರಲ್ಲೇ ಇನ್ನೊಂದು ವಿಷಯದ ಮೇಲೂ ಬರೆದಿದ್ದರು. ಕರಗುವ ಸಾರಜನಕದ ಉಪ್ಪುಗಳು ಗಂಟು ಕಟ್ಟುವುದರ ಮೇಲೆ ಏನು ಮಾಡುತ್ತವೆ ಅಂತ. ಯೂರಿಯಾ ಧಾರಾಳವಾಗಿ ಸಿಕ್ಕರೆ ಗಿಡ ಬ್ಯಾಕ್ಟೀರಿಯಾ ಸಾಕುವ ಗೋಜಿಗೆ ಹೋಗುವುದಿಲ್ಲ. ಇದನ್ನು ನಮ್ಮ ಮೈದುನನಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು. 45 ಕೆಜಿ ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುವಾಗ ಪಾಪ ಅವನ ಕೈ ಸುಮ್ಮನೆ ಇರುತ್ತದಾ? 'ಒಂದು ಹಿಡಿ ಎರಚಿದ್ರೆ ಏನಾಯ್ತದೆ ಅತ್ತಿಗೆ?' ಅಂದ. ಒಂದು ಮೂಲೆಯಲ್ಲಿ ಎರಚಿಯೂ ಬಿಟ್ಟ. ಅದರ ಕಥೆ ಆಮೇಲೆ ಬರುತ್ತದೆ.

ಬಳಸುವ ಕ್ರಮ ಪೊಟ್ಟಣದ ಹಿಂದೆ ಇರುತ್ತದೆ. ಕಣ್ಣು ಕಿತ್ತುಹೋಗುವಷ್ಟು ಸಣ್ಣ ಅಕ್ಷರ. ಕನ್ನಡದಲ್ಲಿ ಇದೆ ಅನ್ನುವುದೊಂದು ಸಮಾಧಾನ. ನಾನು ಮಾಡುವುದು ಹೀಗೆ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ತಣ್ಣಗಾಗಲು ಬಿಡುತ್ತೇನೆ. ಬಿಸಿ ಇರುವಾಗಲೇ ಸುರಿದರೆ ಬ್ಯಾಕ್ಟೀರಿಯಾ ಬೆಂದುಹೋಗುತ್ತದೆ, ದಯವಿಟ್ಟು ಆತುರ ಬೇಡ. ಎಂಟರಿಂದ ಹತ್ತು ಕೆಜಿ ಬೀಜವನ್ನು ಗೋಣಿ ಮೇಲೆ ಹರಡಿ, ಬೆಲ್ಲದ ನೀರನ್ನು ಚಿಮುಕಿಸಿ, ಬೀಜ ಅಂಟಂಟಾದ ಮೇಲೆ ಪುಡಿ ಉದುರಿಸಿ ಕೈಯಲ್ಲೇ ಮೆಲ್ಲಗೆ ಹೊರಳಿಸಬೇಕು. ಅಲಸಂದೆಯ ಸಿಪ್ಪೆ ಸೂಕ್ಷ್ಮ, ಜೋರಾಗಿ ತಿಕ್ಕಿದರೆ ಸುಲಿಯುತ್ತದೆ. ಪ್ರತಿ ಬೀಜಕ್ಕೂ ಕಪ್ಪು ಅಂಗಿ ತೊಡಿಸಿದ ಹಾಗೆ ಕಾಣಬೇಕು. ನೆರಳಲ್ಲಿ ಅರ್ಧ ಗಂಟೆ ಆರಿಸಿ ಅವತ್ತೇ ಬಿತ್ತಬೇಕು. ನೀರು ಎಲ್ಲಾ ಖರ್ಚಾಗಲೇಬೇಕು ಅಂತ ಇಲ್ಲ, ಜಾಸ್ತಿ ಆದರೆ ಬೀಜ ಉಬ್ಬುತ್ತದೆ.

ಬೆಲ್ಲದ ಬಗ್ಗೆ ನನ್ನದೊಂದು ಹಟ ಇದೆ. ಹೈಡ್ರೋಸ್ ಹಾಕಿ ಬೆಳ್ಳಗೆ ಮಾಡಿದ ಅಚ್ಚು ನಾನು ಮುಟ್ಟುವುದಿಲ್ಲ. ಮಂಡ್ಯದಲ್ಲಿದ್ದುಕೊಂಡು ಕಪ್ಪು ಬೆಲ್ಲಕ್ಕೆ ಬರವೇ? ಆಲೆಮನೆಗೆ ಹೋಗಿ ಕೇಳಿದರೆ ಒಡೆದ ಉಂಡೆ ಸುಮ್ನೆ ಕೊಡುತ್ತಾರೆ.

ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚುವ ಅಭ್ಯಾಸ ಇದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಎರಡನ್ನೂ ಒಟ್ಟಿಗೆ ಕಲಸಬೇಡಿ.

ಇನ್ನು ಪರೀಕ್ಷೆ. ಹಳೇ ವಿಭಾಗದಲ್ಲಿ ಪರಿಚಯದ ಹುಡುಗಿಯೊಬ್ಬಳಿದ್ದಾಳೆ. ಎರಡೂ ಪೊಟ್ಟಣದಿಂದ ಒಂದೊಂದು ಚಮಚ ಪುಡಿ ಕೊಟ್ಟು ಕಾಂಗೋ ರೆಡ್ ಹಾಕಿದ ಅಗಾರ್ ಮೇಲೆ ಹಾಕಿಸಿದೆ. ರೈಜೋಬಿಯಂ ಆ ಕೆಂಪು ಬಣ್ಣವನ್ನು ಸಾಮಾನ್ಯವಾಗಿ ಹೀರಿಕೊಳ್ಳುವುದಿಲ್ಲ. ಕೆಂಪು ಪ್ಲೇಟಿನ ಮೇಲೆ ಬಿಳಿಯಾಗಿ, ಅಂಟಂಟಾಗಿ, ದುಂಡಗೆ ಕೂರುತ್ತದೆ. ಅಲಸಂದೆ ಗುಂಪಿನದು ಸಾಮಾನ್ಯವಾಗಿ ನಿಧಾನ, ಕಣ್ಣಿಗೆ ಕಾಣಲು ಐದಾರು ದಿನ ಬೇಕು. ಸಂಸ್ಥೆಯ ಪೊಟ್ಟಣದ ಪ್ಲೇಟು ಮೂರನೇ ದಿನವೂ ಹೆಚ್ಚುಕಡಿಮೆ ಖಾಲಿ, ಆಮೇಲೆ ಮುತ್ತಿನ ಹಾಗೆ ಮೂಡಿತು. ಅಂಗಡಿಯ ಪೊಟ್ಟಣದ ಪ್ಲೇಟು ಮರುದಿನವೇ ತುಂಬಿಹೋಗಿತ್ತು. ಬೂಷ್ಟು, ಕೆಂಪು ಹೀರಿದ ಗುಪ್ಪೆಗಳು, ಅದೇನೇನೋ. 'ಅಮ್ಮಾ, ಇದ್ರಲ್ಲಿ ಎಲ್ಲಾ ಇದೆ, ರೈಜೋಬಿಯಂ ಒಂದು ಬಿಟ್ಟು' ಅಂದಳು ಹುಡುಗಿ.

ತಯಾರಿಸಿದವರದೇ ತಪ್ಪು ಅಂತ ನಾನು ಹೇಳಲ್ಲ. ಹೊರಡುವಾಗ ಚೆನ್ನಾಗಿಯೇ ಇದ್ದಿರಬಹುದು. ಆದರೆ ಆ ಅಂಗಡಿಯಲ್ಲಿ ಪೊಟ್ಟಣಗಳನ್ನು ಇಟ್ಟಿದ್ದು ತಗಡಿನ ಶೀಟಿನ ಕೆಳಗೆ, ಕೀಟನಾಶಕದ ಡಬ್ಬಿಗಳ ಪಕ್ಕ, ಮಧ್ಯಾಹ್ನದ ಬಿಸಿಲು ನೇರ ಬೀಳುವ ಕಡೆ. ಏಪ್ರಿಲ್ ತಿಂಗಳ ಮಂಡ್ಯದ ಬಿಸಿಲು ಗೊತ್ತಲ್ವಾ. ತಾರೀಖಿನ ಮೇಲೆ ಬೆಲೆ ಚೀಟಿ ಅಂಟಿಸಿದ್ದರು. ಉಗುರಿನಿಂದ ಕೆರೆದು ನೋಡಿದೆ, ಅವಧಿ ಮುಗಿಯಲು ಹದಿನೈದು ದಿನವೂ ಇರಲಿಲ್ಲ. ಪುಡಿ ರೂಪದ್ದಕ್ಕೆ ಸಾಮಾನ್ಯವಾಗಿ ಆರು ತಿಂಗಳ ಆಯುಸ್ಸು. ಕೊನೆಯ ವಾರದಲ್ಲಿ ಅದು ಇದ್ದೂ ಇಲ್ಲದ ಲೆಕ್ಕ. ಜೀವ ಇರುವ ಸಾಮಾನನ್ನು ಯೂರಿಯಾ ಇಟ್ಟ ಹಾಗೆ ಇಟ್ಟುಕೊಂಡು ಮಾರುವುದೇ ನನ್ನ ದೊಡ್ಡ ದೂರು. ಕೇಳಿದರೆ 'ಯಾರೂ ಕಂಪ್ಲೇಂಟ್ ಮಾಡಿಲ್ಲ' ಅನ್ನುತ್ತಾರೆ. ಹೇಗೆ ಮಾಡ್ತಾರೆ? ಬೆಳೆ ಸುಮಾರಾಗಿ ಬಂದರೆ ಮಳೆಯನ್ನು ಬೈಯುತ್ತಾರೆ, ಸತ್ತ ಬ್ಯಾಕ್ಟೀರಿಯಾವನ್ನು ಯಾರು ಬೈಯುತ್ತಾರೆ.

ಹೊಲದಲ್ಲಿ ಏನಾಯಿತು? ಬಿತ್ತಿ ತಿಂಗಳು ಕಳೆದು ಹೂವು ಬರುವ ಹೊತ್ತಿಗೆ ಗಿಡ ಎತ್ತಿ ನೋಡಬೇಕು. ಕೈಯಲ್ಲಿ ಕೀಳಬೇಡಿ, ಗಂಟು ಮಣ್ಣಲ್ಲೇ ಉಳಿಯುತ್ತದೆ. ಗುದ್ದಲಿಯಲ್ಲಿ ಸುತ್ತ ಅಗೆದು ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಲ್ಲಿ ಅದ್ದಿಡಿ. ಮಣ್ಣು ತಾನೇ ಕರಗುತ್ತದೆ. ಸಂಸ್ಥೆಯ ಪೊಟ್ಟಣ ಹಚ್ಚಿದ ಗಿಡದಲ್ಲಿ ತಾಯಿಬೇರಿನ ಬುಡಕ್ಕೇ ಸಾಸಿವೆಗಿಂತ ದಪ್ಪನೆಯ ಗಂಟುಗಳು ಗುಂಪಾಗಿ ಕೂತಿದ್ದವು. ಒಂದನ್ನು ಹೆಬ್ಬೆರಳ ಉಗುರಿನಲ್ಲಿ ಸೀಳಿದೆ. ಒಳಗೆ ಕೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನೆಂಟನಾದ ಲೆಗ್‌ಹಿಮೋಗ್ಲೋಬಿನ್ ಇರುವುದರಿಂದ ಆ ಬಣ್ಣ. ಕೆಂಪಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಬೆಳ್ಳಗಿದ್ದರೆ ಇನ್ನೂ ಶುರುವಾಗಿಲ್ಲ ಅಥವಾ ಕೆಲಸಕ್ಕೆ ಬಾರದ್ದು. ಹಸಿರು ಅಥವಾ ಕಂದು ಆಗಿದ್ದರೆ ಮುಗಿದಿದೆ.

ಮೈದುನ ಯೂರಿಯಾ ಎರಚಿದ ಮೂಲೆಯ ಗಿಡಗಳು ಮೇಲ್ಗಡೆ ಕಡು ಹಸಿರು, ನೋಡೋಕೆ ಭರ್ಜರಿ. ಕೆಳಗೆ ಗಂಟು ಹುಡುಕಬೇಕು. ಅಂಗಡಿ ಪೊಟ್ಟಣದ ಸಾಲಿನಲ್ಲೂ ಗಂಟು ಇದ್ದವು. ಆದರೆ ಕವಲುಬೇರಿನ ತುದಿಯಲ್ಲಿ ಚದುರಿದ ಸಣ್ಣ ಸಣ್ಣವು, ಅರ್ಧಕ್ಕರ್ಧ ಬೆಳ್ಳಗೆ. ನಮ್ಮ ಮಣ್ಣಿನಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾದ ಕೆಲಸ ಇರಬೇಕು. ಈ ಕಡೆ ಅಜ್ಜಂದಿರ ಕಾಲದಿಂದ ಅವರೆ, ಹುರುಳಿ ಬಿದ್ದ ಮಣ್ಣು. ಅದರಲ್ಲಿ ಏನೂ ಇಲ್ಲ ಅನ್ನುವ ಹಾಗಿಲ್ಲ. ಹಾಗಾಗಿಯೇ ಪೊಟ್ಟಣದ ಫಲ ನಮ್ಮಲ್ಲಿ ಆಕಾಶಕ್ಕೆ ಹಾರುವಂಥದ್ದಲ್ಲ. ಇಳುವರಿ ಚೂರು ಜಾಸ್ತಿ, ಯೂರಿಯಾ ಖರ್ಚು ಉಳಿತಾಯ, ಆಮೇಲೆ ಹಾಕಿದ ಭತ್ತಕ್ಕೆ ಒಂದಷ್ಟು ಬಲ. ಅದಕ್ಕಿಂತ ಜಾಸ್ತಿ ಆಸೆ ಹುಟ್ಟಿಸುವ ಜಾಹೀರಾತು ನಂಬಬೇಡಿ. ಹೊಸದಾಗಿ ಸೋಯಾ ಹಾಕುವವರಿಗೆ ಮಾತ್ರ ಪೊಟ್ಟಣ ಬೇಕೇ ಬೇಕು. ಅದರ ಬ್ಯಾಕ್ಟೀರಿಯಾ ನಮ್ಮ ಮಣ್ಣಿಗೆ ಹೊಸದು.

ಒಂದು ಎಚ್ಚರಿಕೆ. ಬೇರಿಗೆ ಬೀಳುವ ಜಂತುಹುಳದ (ನೆಮಟೋಡ್) ಗಂಟನ್ನು ರೈಜೋಬಿಯಂ ಗಂಟು ಅಂದುಕೊಳ್ಳಬೇಡಿ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಲ್ಲಿ ತಳ್ಳಿದರೆ ಬಿಟ್ಟು ಬರುತ್ತದೆ. ಜಂತುಹುಳದ್ದು ಬೇರೇ ಊದಿಕೊಂಡಿರುತ್ತದೆ, ಬಿಡುವುದಿಲ್ಲ.

ಫ್ರೆಡ್ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಪುಸ್ತಕ ಬಂದ ಎರಡೇ ವರ್ಷಕ್ಕೆ, 1934ರಲ್ಲಿ, ಅವರನ್ನು ಸ್ನಾತಕೋತ್ತರ ವಿಭಾಗದ ಡೀನ್ ಮಾಡಿದರು. 1943ರಲ್ಲಿ ಕೃಷಿ ಕಾಲೇಜಿನ ಡೀನ್. 1945ರಿಂದ 1958ರವರೆಗೆ ಇಡೀ ವಿಶ್ವವಿದ್ಯಾಲಯಕ್ಕೆ ಅಧ್ಯಕ್ಷ, ಅಂದರೆ ನಮ್ಮ ಕುಲಪತಿಗಳ ಹಾಗೆ. ಬಂದ ಕೂಡಲೇ ತಲೆನೋವು. ಯುದ್ಧ ಮುಗಿಸಿ ಬಂದ ಸೈನಿಕರು ಸರ್ಕಾರದ ಖರ್ಚಿನಲ್ಲಿ ಓದೋಕೆ ನುಗ್ಗಿದರು. ಒಂದೇ ವರ್ಷದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಸುಮಾರು ದುಪ್ಪಟ್ಟಾಯಿತು. ಹೆಂಡತಿ ಮಕ್ಕಳ ಸಮೇತ ಬಂದವರಿಗೆ ಟ್ರೇಲರ್‌ಗಳಲ್ಲಿ, ತಗಡಿನ ಶೆಡ್‌ಗಳಲ್ಲಿ, ಮದ್ದುಗುಂಡು ಕಾರ್ಖಾನೆಯ ಹಳೇ ವಸತಿಯಲ್ಲೆಲ್ಲಾ ಜಾಗ ಮಾಡಿದರು. ತಾವು ಮಾತ್ರ ಅಧ್ಯಕ್ಷರಾದ ಮೇಲೂ ಕೃಷಿ ಕಾಲೇಜಿನ ಡೀನ್ ಮನೆಯಲ್ಲೇ ಉಳಿದುಕೊಂಡರು. ಬಾಲ್ಡ್ವಿನ್ ಅವರನ್ನೇ ಉಪಾಧ್ಯಕ್ಷರನ್ನಾಗಿ ಮಾಡಿಕೊಂಡರು. ಬ್ಯಾಕ್ಟೀರಿಯಾದವರದೇ ಆಡಳಿತ! ಅವರಿಗಿಂತ ಮುಂಚೆ ಅಲ್ಲಿನ ಕೃಷಿ ಕಾಲೇಜನ್ನು ಎರಡು ದಶಕದ ಮೇಲೆ ನಡೆಸಿದ ಹ್ಯಾರಿ ರಸೆಲ್ ಕೂಡ ಬ್ಯಾಕ್ಟೀರಿಯಾ ವಿಜ್ಞಾನಿಯೇ. ಇತ್ತ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಮೊದಲ ಕುಲಪತಿ ಜಿ. ರಂಗಸ್ವಾಮಿ ಅವರೂ ಸೂಕ್ಷ್ಮಜೀವಿಗಳ ಮೇಷ್ಟ್ರೇ.

ಮೆಚ್ಚಲಾಗದ ಒಂದು ಅಧ್ಯಾಯವೂ ಇದೆ. 1941ರಲ್ಲಿ ಅಮೆರಿಕದ ಯುದ್ಧ ಇಲಾಖೆ ರೋಗಾಣುಗಳನ್ನು ಆಯುಧವಾಗಿ ಬಳಸುವ ಬಗ್ಗೆ ವರದಿ ಕೇಳಿದಾಗ, ಆ ಸಮಿತಿಗೆ ಅಧ್ಯಕ್ಷರಾದವರು ಫ್ರೆಡ್. ಆಮೇಲೆ ಅಮೆರಿಕ ಸೈನ್ಯದ ಕ್ಯಾಂಪ್ ಡೆಟ್ರಿಕ್‌ನಲ್ಲಿ ಆ ಕೆಲಸದ ವೈಜ್ಞಾನಿಕ ಮುಖ್ಯಸ್ಥರಾದವರು ಬಾಲ್ಡ್ವಿನ್. ಶತ್ರು ಮಾಡಿದರೆ ಅಂತ ಭಯ ಇತ್ತು, ಸರಿ. ಆದರೂ ಬಟಾಣಿ ಬೇರಿನ ಗಂಟು ಎಣಿಸಿದ ಇಬ್ಬರನ್ನು ಅಲ್ಲಿ ನೋಡಿ ನನಗೆ ಹಿತ ಅನ್ನಿಸಲಿಲ್ಲ.

ನಮ್ಮ ಮೇಷ್ಟ್ರೂ ಒಂದು ಕಾಲಕ್ಕೆ ಡೀನ್ ಆದರು. ಅದಾದ ಮೇಲೆ ಅವರು ಇನ್‌ಕ್ಯುಬೇಟರ್ ಬಾಗಿಲು ತೆಗೆದಿದ್ದನ್ನು ನಾನು ನೋಡಲಿಲ್ಲ. ಬೆಳಿಗ್ಗೆ ಫೈಲು, ಮಧ್ಯಾಹ್ನ ಮೀಟಿಂಗು, ಸಂಜೆ ಸನ್ಮಾನ. ಅವರ ಹಳೇ ಕಲ್ಚರ್ ಟ್ಯೂಬುಗಳನ್ನು ತಿಂಗಳು ತಿಂಗಳು ಹೊಸ ಅಗಾರಿಗೆ ದಾಟಿಸಿ ಜೀವ ಉಳಿಸಿದ್ದು ನಾವು ಲ್ಯಾಬಿನವರು. ಒಳ್ಳೇ ಆಡಳಿತಗಾರ ಬೇಕು, ಒಪ್ಪುತ್ತೇನೆ. ಆದರೆ ಒಬ್ಬ ಒಳ್ಳೇ ಬ್ಯಾಕ್ಟೀರಿಯಾ ಮೇಷ್ಟ್ರನ್ನು ಕಳೆದುಕೊಂಡ ಲೆಕ್ಕವನ್ನು ಯಾವ ವಾರ್ಷಿಕ ವರದಿಯೂ ಬರೆಯುವುದಿಲ್ಲ. ಫ್ರೆಡ್ 1981ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿನ ಬ್ಯಾಕ್ಟೀರಿಯಾ ವಿಭಾಗದ ಕಟ್ಟಡಕ್ಕೆ ಅವರ ಹೆಸರಿಟ್ಟರು. ಆಡಳಿತ ಭವನಕ್ಕೆ ಇಡದೆ ಇದಕ್ಕೆ ಇಟ್ಟಿದ್ದು ನನಗೆ ಸರಿ ಕಾಣುತ್ತದೆ.

ಈಗ ದ್ರವರೂಪದ್ದೂ ಬಂದಿದೆ. ಬಾಟಲಿಯಲ್ಲಿ ಸಿಗುತ್ತದೆ, ಒಂದು ಮಿಲಿಗೆ ಕನಿಷ್ಠ 10 ಕೋಟಿ ಇರಬೇಕು ಅಂತ ನಿಯಮ. ಆಯುಸ್ಸು ಜಾಸ್ತಿ, ಬೆರಸೋದು ಸುಲಭ. ಬೆಲೆಯೂ ಜಾಸ್ತಿ. ಅಂಗಡಿಯಿಂದಲೇ ತರಬೇಕಾದ ಅನಿವಾರ್ಯ ಇದ್ದರೆ ನಾನು ದ್ರವದ್ದನ್ನೇ ಆರಿಸುತ್ತೇನೆ, ಪುಡಿಯಷ್ಟು ಬೇಗ ಒಣಗಿ ಸಾಯುವುದಿಲ್ಲ. ಸಂಸ್ಥೆಯ ಮಳಿಗೆ ಹತ್ತಿರ ಇದ್ದರೆ ಪುಡಿಯೇ ಸಾಕು. ಆ ಮಳಿಗೆಯ ಮೇಲೂ ದೂರು ಇಲ್ಲದಿಲ್ಲ. ಊಟದ ಹೊತ್ತಿಗೆ ಬಾಗಿಲು ಹಾಕಿದರೆ ಯಾವಾಗ ತೆಗೆಯುತ್ತಾರೋ ದೇವರಿಗೇ ಗೊತ್ತು. ಬಿತ್ತನೆ ಹತ್ತಿರ ಬಂದಾಗಲೇ ಅಲಸಂದೆಯದು ಖಾಲಿ, ಸೋಯಾದ್ದು ರಾಶಿ. ಮೊದಲೇ ಫೋನ್ ಮಾಡಿ ಹೋಗಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಒಂದು ಮಾತು ಕೇಳಿ ನೋಡಿ.

ತಂದ ಮೇಲೆ ಮನೆಯಲ್ಲಿ ನೆಲದ ಹತ್ತಿರ ತಂಪು ಜಾಗದಲ್ಲಿಡಿ, ಒಲೆ ಮೇಲಿನ ಅಟ್ಟ ಬೇಡ. ಫ್ರಿಡ್ಜಿನ ತರಕಾರಿ ಖಾನೆ ನಡೆಯುತ್ತದೆ, ಐಸ್ ಪೆಟ್ಟಿಗೆ ಬೇಡ. ಐದಕ್ಕೆ ಅಂಕ ಕೊಡಿ ಅಂದರೆ ಸಂಸ್ಥೆಯ ಪೊಟ್ಟಣಕ್ಕೆ ನಾಲ್ಕು. ಸಣ್ಣ ಅಕ್ಷರಕ್ಕೆ, ಸಮಯಕ್ಕೆ ಸಿಗದಿದ್ದಕ್ಕೆ ಒಂದು ಕಡಿತ. ಅಂಗಡಿಯದಕ್ಕೆ ಒಂದು, ಅದೂ ಕವರ್ ಮೇಲೆ ಕನ್ನಡ ಇದ್ದಿದ್ದಕ್ಕೆ. ಬೀನ್ಸಿನ ಪೊಟ್ಟಣ ನನಗೆ ಇನ್ನೂ ಸಿಕ್ಕಿಲ್ಲ. ಮೈಸೂರು, ಮಂಡ್ಯ ಕಡೆ ಎಲ್ಲಾದರೂ ಹುರುಳಿಕಾಯಿ ಅಂತಲೇ ಅಚ್ಚಾಗಿರುವ, ತಾರೀಖು ಸರಿ ಇರುವ ಪೊಟ್ಟಣ ನೋಡಿದವರಿದ್ದರೆ ದಯವಿಟ್ಟು ತಿಳಿಸಿ.